ಟ್ರಾನ್ಸ್‌ಜೆಂಡರ್ ಮಕ್ಕಳ ಮನೆಯವರಿಗಾಗಿ ಕೈಪಿಡಿ: ಮೊದಲ ಪುಟದಲ್ಲಿ ಏನಿರಬೇಕು?

ಪ್ರಶ್ನೆ: ಆಪ್ತಸಮಾಲೋಚಕಿ

ಎಲ್ಲರಿಗೂ ನಮಸ್ಕಾರ. ನಾನು ಹದಿಹರೆಯದ ಮಕ್ಕಳೊಡನೆ ಕೆಲಸ ಮಾಡುವ ಆಪ್ತಸಮಾಲೋಚಕಿ. ತಮ್ಮ ಮಗು ಟ್ರಾನ್ಸ್‌ಜೆಂಡರ್ ಎಂದು, ಅಂದರೆ ಹುಟ್ಟಿದಾಗ ಬರೆಸಿದ ಗಂಡು ಅಥವಾ ಹೆಣ್ಣೆಂಬ ಗುರುತು ತನ್ನದಲ್ಲವೆಂದು ಅರಿತಿರುವ ಮಗುವೆಂದು, ತಿಳಿದ ಮೇಲೆ ದಿಕ್ಕು ತೋಚದೆ ನನ್ನಲ್ಲಿಗೆ ಬರುವ ತಂದೆತಾಯಿಗಳಿಗೆ, ಮನೆಗೆ ಹೋಗಿ ನಿಧಾನವಾಗಿ ಓದಿ ಎಂದು ಕೈಗೆ ಕೊಡಲು ಸರಳ ಕನ್ನಡದ ಒಂದು ಕೈಪಿಡಿ ಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ 24 ಪುಟಗಳ ಕರಡೊಂದನ್ನು ಈಗ ಸಿದ್ಧಪಡಿಸಿದ್ದೇನೆ.

ಕರಡು ಪದಕೋಶದಿಂದ ಶುರುವಾಗುತ್ತದೆ. ಲಿಂಗ, ಲಿಂಗತ್ವ, ಲಿಂಗತ್ವದ ಅಭಿವ್ಯಕ್ತಿ, ಲೈಂಗಿಕ ಒಲವು ಎಂದು ಇಪ್ಪತ್ತಕ್ಕೂ ಹೆಚ್ಚು ಪದಗಳನ್ನು ವಿವರಿಸಿ, ಆಮೇಲೆ ವಿಜ್ಞಾನ, ಆಮೇಲೆ ವೈದ್ಯಕೀಯ, ಕೊನೆಗೆ ‘ಕುಟುಂಬದ ಪಾತ್ರ’ ಎಂಬ ಅಧ್ಯಾಯವನ್ನು ಇಟ್ಟಿದ್ದೆವು. ಬರೆಯುವಾಗ ಈ ಕ್ರಮ ನಮಗೆ ಸಹಜವಾಗಿಯೇ ಕಂಡಿತ್ತು. ಆದರೆ ಓದಲು ಕೊಟ್ಟಿದ್ದ ಒಬ್ಬ ತಾಯಿ ಎರಡನೆಯ ಪುಟಕ್ಕೇ ನಿಲ್ಲಿಸಿ, ಹಾಳೆಗಳನ್ನು ಮಡಚಿ ನನಗೆ ಹಿಂದಿರುಗಿಸುತ್ತಾ, “ಇದು ಪರೀಕ್ಷೆಗೆ ಓದುವವರಿಗೆ ಸರಿಯಾಗಿದೆ. ನನ್ನ ಮಗು ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಅದಕ್ಕೆ ಇದರಲ್ಲಿ ಏನು ಹೇಳಿದ್ದೀರಿ?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ನಮ್ಮ ಕರಡಿನಲ್ಲಿ ಎಲ್ಲಿಯೂ ಇರಲಿಲ್ಲ.

ಆದ್ದರಿಂದ ಈ ವಿಷಯವನ್ನು ಮನೆಯಲ್ಲಿ ಅನುಭವಿಸಿದವರನ್ನೂ, ಭಾಷೆಯ ಕೆಲಸ ಮಾಡುವವರನ್ನೂ, ವೈದ್ಯರನ್ನೂ ಕೇಳುತ್ತಿದ್ದೇನೆ. ಮೊದಲ ಪುಟದಲ್ಲಿ ಏನು ಬರಬೇಕು? ಮಕ್ಕಳನ್ನೂ ನೋಯಿಸದ, ಮನೆಯ ಹಿರಿಯರನ್ನೂ ಬೆದರಿಸದ ಕನ್ನಡ ಪದಗಳು ಯಾವುವು? ಚಿಕಿತ್ಸೆಯ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲದಿರುವಾಗ ಕೈಪಿಡಿ ಎಷ್ಟರ ಮಟ್ಟಿಗೆ ಮಾತಾಡಬಹುದು? ಆತ್ಮಹತ್ಯೆಯ ಅಂಕಿಅಂಶಗಳನ್ನು ಹಾಕಬೇಕೇ ಬೇಡವೇ ಎಂಬ ವಿಷಯದಲ್ಲಂತೂ ನಾವು ಮೂವರೂ ಒಂದು ನಿರ್ಧಾರಕ್ಕೆ ಬರಲಾಗಿಲ್ಲ.

ಉತ್ತರ 1: ಒಬ್ಬ ತಾಯಿ

ನಿಮ್ಮ ಹಾಳೆಗಳನ್ನು ಹಿಂದಿರುಗಿಸಿದ ಆ ತಾಯಿಯ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಮಗಳಿಗೆ ಈಗ 19 ವರ್ಷ. 15 ವರ್ಷ ತುಂಬುವವರೆಗೆ ಅವಳನ್ನು ನಾವು ಮಗನೆಂದೇ ಬೆಳೆಸಿದ್ದೆವು. ಅವಳು ಈ ವಿಷಯವನ್ನು ಪಕ್ಕದ ಕೋಣೆಯಿಂದ ನನ್ನ ಫೋನಿಗೆ ಸಂದೇಶ ಕಳಿಸಿ ಹೇಳಿದಳು. ಎದುರಿಗೆ ನಿಂತು ಹೇಳಿದರೆ ನನ್ನ ಮುಖ ಹೇಗಾಗುತ್ತದೆಯೋ ಎಂದು ಹೆದರಿದ್ದಳೆಂಬುದು ನನಗೆ ಗೊತ್ತಾದದ್ದು ಬಹಳ ತಿಂಗಳುಗಳ ನಂತರ.

ಆ ರಾತ್ರಿ ನನಗೆ ಲಿಂಗಕ್ಕೂ ಲಿಂಗತ್ವಕ್ಕೂ ಇರುವ ವ್ಯತ್ಯಾಸ ಬೇಕಿರಲಿಲ್ಲ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆಯೇ ಪ್ರಶ್ನೆಗಳು. ನಾನು ಬೆಳೆಸಿದ ರೀತಿಯಲ್ಲಿ ಏನಾದರೂ ತಪ್ಪಾಯಿತೇ? ಇದು ವಯಸ್ಸಿನ ಗೊಂದಲವೇ, ಇನ್ನಾರೋ ತಲೆಗೆ ತುಂಬಿದ್ದೇ? ಬೆಳಿಗ್ಗೆ ಕೋಣೆಯ ಬಾಗಿಲು ತೆರೆದಾಗ ಮೊದಲ ಮಾತು ಯಾವುದನ್ನು ಆಡಲಿ? ಯಾರಿಗೆ ಹೇಳಬೇಕು? ಕೈಪಿಡಿಯ ಮೊದಲ ಪುಟ ಈ ಪ್ರಶ್ನೆಗಳಿಗೆ ಉತ್ತರಿಸಲಿ, ಅದರಲ್ಲೂ ಮೂರನೆಯದಕ್ಕೆ ಎಲ್ಲಕ್ಕಿಂತ ಮೊದಲು. “ನೀನು ನನಗೆ ಹೇಳಿದ್ದು ಒಳ್ಳೆಯದಾಯಿತು. ನನಗೆ ಎಲ್ಲವೂ ಇನ್ನೂ ಅರ್ಥವಾಗಿಲ್ಲ. ಅರ್ಥ ಮಾಡಿಕೊಳ್ಳುತ್ತೇನೆ. ನಾನು ನಿನ್ನ ಜೊತೆಗಿದ್ದೇನೆ” ಎಂಬಷ್ಟು ಮಾತುಗಳನ್ನು ಯಾರಾದರೂ ನನ್ನ ಕೈಗೆ ಬರೆದು ಕೊಟ್ಟಿದ್ದರೆ ಅದನ್ನೇ ನೋಡಿಕೊಂಡು ಓದುತ್ತಿದ್ದೆ. ಆ ಹೊತ್ತಿನಲ್ಲಿ ಸ್ವಂತ ಮಾತು ಹುಟ್ಟುವುದಿಲ್ಲ.

ಅದೇ ಪುಟದಲ್ಲಿ, ಇಂದು ರಾತ್ರಿಯೇ ಏನನ್ನೂ ತೀರ್ಮಾನಿಸಬೇಕಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ಆಸ್ಪತ್ರೆ, ದಾಖಲೆಪತ್ರ, ಶಾಲೆ, ಮುಂದಿನ ಬದುಕು, ಎಲ್ಲವನ್ನೂ ಬೆಳಗಾಗುವುದರೊಳಗೆ ಬಗೆಹರಿಸಬೇಕೆಂಬ ಆತುರದಲ್ಲೇ ನಮ್ಮಂಥವರು ಎಡವುತ್ತೇವೆ. ನಾನು ಎಡವಿದ್ದು ಹಾಗೆಯೇ. ಮರುದಿನವೇ ನನ್ನ ನಾದಿನಿಗೆ ಫೋನು ಮಾಡಿ, ಅತ್ತು, ಎಲ್ಲವನ್ನೂ ಹೇಳಿಬಿಟ್ಟೆ. ಒಂದು ವಾರದಲ್ಲಿ ಮೂರು ಮನೆಗಳಿಗೆ ವಿಷಯ ತಿಳಿಯಿತು. ನನ್ನ ಮಗಳು ತನ್ನ ಮಾತನ್ನು ನನಗೆ ಒಬ್ಬಳಿಗೇ ಒಪ್ಪಿಸಿದ್ದಳು, ಅದನ್ನು ಹಂಚಲು ನನಗೆ ಅನುಮತಿ ಕೊಟ್ಟಿರಲಿಲ್ಲ. ಎರಡು ತಿಂಗಳು ಅವಳು ನನ್ನೊಡನೆ ಅಗತ್ಯಕ್ಕೆ ಮೀರಿ ಒಂದು ಮಾತನ್ನೂ ಆಡಲಿಲ್ಲ. ಯಾರಿಗೆ, ಯಾವಾಗ, ಯಾವ ಮಾತಿನಲ್ಲಿ ಹೇಳಬೇಕೆಂಬುದನ್ನು ಮಗುವನ್ನು ಕೇಳಿಯೇ ನಿರ್ಧರಿಸಬೇಕೆಂದು ನೀವು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದರೂ ತಪ್ಪಿಲ್ಲ. ಕೆಲವು ಮಕ್ಕಳಿಗೆ ಇದು ಬರೀ ಮುಜುಗರದ ಪ್ರಶ್ನೆಯಲ್ಲ. ಗೊತ್ತಾಗಬಾರದವರಿಗೆ ಗೊತ್ತಾದರೆ ಹೊಡೆತ ಬೀಳುವ, ಮನೆಯಿಂದ ಹೊರಗೆ ಹಾಕುವ ಪರಿಸ್ಥಿತಿಯೂ ಇರುತ್ತದೆ.

ಇನ್ನೊಂದು ವಿಷಯವನ್ನು ಬರೆಯಲು ಹೆಚ್ಚಿನವರು ಹಿಂಜರಿಯುತ್ತಾರೆ. ನನಗೆ ದುಃಖವಾಗಿತ್ತು. ಮಗು ಎದುರಿಗೇ ಇದ್ದರೂ ಯಾರನ್ನೋ ಕಳೆದುಕೊಂಡಂತೆ ಆಗುತ್ತಿತ್ತು, ಮತ್ತು ಹಾಗಾಗುತ್ತಿರುವುದಕ್ಕೆ ನಾಚಿಕೆಯೂ ಆಗುತ್ತಿತ್ತು. ಪಾಲೀನ್ ಬಾಸ್ ಎಂಬ ಅಮೆರಿಕದ ವಿದ್ವಾಂಸೆ ‘ಅಸ್ಪಷ್ಟ ನಷ್ಟ’ ಎಂದು ಕರೆದಿರುವ ಸ್ಥಿತಿಯೊಂದಿದೆ, ಸಾವೂ ಅಲ್ಲದ, ಅಗಲಿಕೆಯೂ ಅಲ್ಲದ, ಆದರೂ ಮನಸ್ಸು ನಷ್ಟವೆಂದೇ ಎಣಿಸುವ ಸ್ಥಿತಿ. ನನ್ನ ಸಮಾಲೋಚಕರು ಈ ಹೆಸರನ್ನು ಹೇಳಿದ ದಿನ ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು. ಆದರೆ ಅವರು ಜೊತೆಗೇ ಇನ್ನೊಂದು ಮಾತು ಹೇಳಿದರು: ಅಳುವುದಿದ್ದರೆ ಮಗಳ ಮುಂದೆ ಬೇಡ, ನಿಮ್ಮ ದುಃಖಕ್ಕೆ ಸಮಾಧಾನ ಹೇಳುವ ಹೊರೆ ಅವಳದಾಗಬಾರದು. ಈ ಎರಡೂ ಮಾತುಗಳು ಒಟ್ಟಿಗೇ ಬರಬೇಕು. ಒಂದನ್ನು ಮಾತ್ರ ಬರೆದರೆ ತಂದೆತಾಯಿ ಅಪರಾಧಿಗಳಾಗುತ್ತಾರೆ, ಇನ್ನೊಂದನ್ನು ಮಾತ್ರ ಬರೆದರೆ ಮಗುವೇ ಅಪರಾಧಿಯಾಗುತ್ತದೆ.

ಅಂಥ ದುಃಖವನ್ನು ಇಳಿಸಿಕೊಳ್ಳಲು ಒಳ್ಳೆಯ ಜಾಗವೆಂದರೆ ಇದೇ ದಾರಿಯಲ್ಲಿ ನಡೆದ ಬೇರೆ ತಂದೆತಾಯಿಗಳ ಸಂಗ. 1972ರಲ್ಲಿ ನ್ಯೂಯಾರ್ಕ್‌ನಲ್ಲಿ ಜೀನ್ ಮ್ಯಾನ್‌ಫರ್ಡ್ ಎಂಬ ಶಿಕ್ಷಕಿ ತನ್ನ ಸಲಿಂಗಕಾಮಿ ಮಗನ ಜೊತೆ ಮೆರವಣಿಗೆಯಲ್ಲಿ ನಡೆದು, ಮರುವರ್ಷ ಅಂಥ ತಂದೆತಾಯಿಗಳ ಮೊದಲ ಸಭೆ ಕರೆದಾಗ ಬಂದವರು ಸುಮಾರು 20 ಜನ. ಅದು ಮುಂದೆ ಪಿಫ್ಲ್ಯಾಗ್ ಎಂಬ ಸಂಸ್ಥೆಯಾಗಿ ಬೆಳೆಯಿತು, 1998ರಲ್ಲಿ ಟ್ರಾನ್ಸ್‌ಜೆಂಡರ್ ಜನರನ್ನೂ ತನ್ನ ಧ್ಯೇಯದಲ್ಲಿ ಸೇರಿಸಿಕೊಂಡಿತು. ಇದನ್ನು ಓದಿದಾಗ ನನಗೆ ಧೈರ್ಯ ಬಂದದ್ದು ಆ ಸಂಸ್ಥೆ ಎಷ್ಟು ದೊಡ್ಡದಾಯಿತೆಂಬುದರಿಂದಲ್ಲ, ಮೊದಲ ದಿನ ಕುಳಿತವರು ಅಷ್ಟೇ ಜನ ಎಂಬುದರಿಂದ. ನಿಮ್ಮ ಕೈಪಿಡಿಯ ಜೊತೆಗೆ ನಾಲ್ಕು ಜನ ತಂದೆತಾಯಿಗಳು ಕುಳಿತು ಮಾತಾಡುವ ಏರ್ಪಾಡೂ ಇದ್ದರೆ ಕಾಗದದ ಕೆಲಸ ಅರ್ಧ ಹಗುರವಾಗುತ್ತದೆ.

ಉತ್ತರ 2: ಅನುವಾದಕ, ಸಂಪಾದಕ

ಪದಗಳ ಪ್ರಶ್ನೆಗೆ ನನ್ನ ತಿಳಿವಳಿಕೆಯ ಮಟ್ಟಿಗೆ ಉತ್ತರಿಸುತ್ತೇನೆ. ಆರೋಗ್ಯ ಸಾಹಿತ್ಯವನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಈ ತೊಡಕನ್ನು ಹಲವು ಸಲ ಎದುರಿಸಿದ್ದೇನೆ.

ಕನ್ನಡದಲ್ಲಿ ‘ಲಿಂಗ’ ಎಂಬ ಒಂದೇ ಪದ ದೇಹದ ಗಂಡುಹೆಣ್ಣನ್ನೂ, ಒಬ್ಬರು ತಮ್ಮನ್ನು ತಾವು ಅರಿತುಕೊಳ್ಳುವ ಬಗೆಯನ್ನೂ, ವ್ಯಾಕರಣದ ವಿಭಾಗವನ್ನೂ ಹೊರಬೇಕಾಗಿದೆ. ‘ಲಿಂಗತ್ವ’ ಎಂಬ ಪದ ಎರಡನೆಯ ಅರ್ಥಕ್ಕೆ ಈಗ ಬಳಕೆಗೆ ಬಂದಿದೆ, ಅದನ್ನು ಉಳಿಸಿಕೊಳ್ಳಿ. ಆದರೆ ಪದಕೋಶದಲ್ಲಿ ವಿವರಿಸುವ ಬದಲು ಒಂದು ವಾಕ್ಯದೊಳಗೆ ಅದು ತಾನಾಗಿ ಅರ್ಥವಾಗುವಂತೆ ತನ್ನಿ. ‘ಟ್ರಾನ್ಸ್‌ಜೆಂಡರ್’ ಎಂಬುದನ್ನು ಹಾಗೆಯೇ ಬರೆಯಿರಿ. ಮಕ್ಕಳು ಬಳಸುವ ಪದ ಅದು, ಪತ್ರಿಕೆಗಳಲ್ಲಿ ಬರುವ ಪದವೂ ಅದೇ. ‘ಮಂಗಳಮುಖಿ’ಯಂಥ ಪದಗಳಿಗೆ ಗೌರವವಿದೆ, ಆದರೆ ಅವು ಒಂದು ಸಮುದಾಯದ ಹೆಸರುಗಳು. ಹದಿನಾಲ್ಕು ವರ್ಷದ ಮಗುವಿಗೆ ಅದು ತಾನೇ ಆರಿಸಿಕೊಳ್ಳದ ಸಮುದಾಯದ ಹೆಸರನ್ನು ನಾವು ಇಡುವುದು ಸರಿಯಲ್ಲ, ಹುಟ್ಟಿದಾಗ ಹೆಣ್ಣೆಂದು ಬರೆಸಿದ ಮಕ್ಕಳಿಗೆ ಅದು ಹೊಂದುವುದೂ ಇಲ್ಲ.

ಈಗ ಹೇಳಿದ ‘ಹುಟ್ಟಿದಾಗ ಹೆಣ್ಣೆಂದು ಬರೆಸಿದ’ ಎಂಬ ಮಾತನ್ನೇ ಗಮನಿಸಿ. ‘ಜನನದ ಸಮಯದಲ್ಲಿ ಸ್ತ್ರೀಲಿಂಗವನ್ನು ನಿಗದಿಪಡಿಸಲಾದ ವ್ಯಕ್ತಿ’ ಎಂದು ಅನುವಾದಿಸಿದ ಕರಪತ್ರವೊಂದನ್ನು ನಾನು ತಿದ್ದಬೇಕಾಯಿತು. ತಾಯಿಯಾದವಳು ಅದನ್ನು ಓದಿ ತನ್ನ ಮಗುವನ್ನು ಅಲ್ಲಿ ಕಾಣಲಾರಳು.

ಕೆಲವು ಕ್ರಿಯಾಪದಗಳು ಸದ್ದಿಲ್ಲದೆ ಕೆಡುಕು ಮಾಡುತ್ತವೆ. ‘ತಾನು ಟ್ರಾನ್ಸ್‌ಜೆಂಡರ್ ಎಂದು ಒಪ್ಪಿಕೊಂಡಳು’ ಎಂದು ಬರೆದರೆ ಅದು ತಪ್ಪೊಪ್ಪಿಗೆಯ ಧ್ವನಿಯಾಗುತ್ತದೆ. ‘ಹೇಳಿಕೊಂಡಳು’ ಸಾಕು. ‘ಲಿಂಗ ಬದಲಾಯಿಸಿಕೊಂಡನು’ ಎಂದೊಡನೆ ಓದುವವರ ಮನಸ್ಸಿಗೆ ಶಸ್ತ್ರಚಿಕಿತ್ಸೆಯೇ ಬರುತ್ತದೆ, ಆ ಮಗು ಕೂದಲು ಕತ್ತರಿಸಿಕೊಂಡು ಹೊಸ ಹೆಸರಿಟ್ಟುಕೊಂಡಿರುವುದು ಮಾತ್ರ ಆಗಿದ್ದರೂ. ‘ಪೀಡಿತ’, ‘ದೋಷ’, ‘ಬಳಲುತ್ತಿರುವ’ ಎಂಬ ಪದಗಳನ್ನು ಕರಡಿನಲ್ಲಿ ಹುಡುಕಿ ತೆಗೆಯಿರಿ. ‘ಸಹಿಸಿಕೊಳ್ಳಿ’ ಎಂಬುದನ್ನೂ ತೆಗೆಯಿರಿ. ಮಗುವನ್ನು ಸಹಿಸಿಕೊಳ್ಳಿ ಎಂದು ತಂದೆಗೆ ಹೇಳುವ ಕೈಪಿಡಿ ಆ ಮಗುವಿನ ಕೈಗೆ ಸಿಕ್ಕಿದರೆ ಅದಕ್ಕೆ ಏನೆನ್ನಿಸೀತು?

ಇನ್ನು ಸರ್ವನಾಮಗಳ ವಿಷಯ. ಇದಕ್ಕೆ ಪರಭಾಷೆಯ ಕೈಪಿಡಿಗಳಲ್ಲಿರುವ ಸಲಹೆಯನ್ನು ನಕಲು ಮಾಡಿದರೆ ಪ್ರಯೋಜನವಿಲ್ಲ, ಏಕೆಂದರೆ ನಮ್ಮ ಭಾಷೆಯ ಕಟ್ಟೇ ಬೇರೆ. ಎದುರುಬದುರು ಮಾತಾಡುವಾಗ ಕನ್ನಡದ ಕ್ರಿಯಾಪದದಲ್ಲಿ ಗಂಡುಹೆಣ್ಣಿನ ಭೇದವೇ ಇಲ್ಲ. ‘ನೀನು ಬಂದೆ’, ‘ನಾನು ಬಂದೆ’ ಎಂಬುದು ಯಾರಿಗಾದರೂ ಒಂದೇ. ಭೇದ ಕಾಣಿಸಿಕೊಳ್ಳುವುದು ಮಗುವಿನ ಬಗ್ಗೆ ಇನ್ನೊಬ್ಬರೊಡನೆ ಮಾತಾಡುವಾಗ, ‘ಬಂದನು’, ‘ಬಂದಳು’ ಎನ್ನುವಲ್ಲಿ, ಮತ್ತು ‘ಮಗನೇ’, ‘ಅಕ್ಕ’, ‘ತಮ್ಮ’ ಎಂದು ಕರೆಯುವಲ್ಲಿ. ಇದನ್ನು ತಂದೆತಾಯಿಗಳಿಗೆ ವಿವರಿಸಿದರೆ ಅವರ ಅರ್ಧ ಭಯ ಹೋಗುತ್ತದೆ. ಮೊದಲು ಕರೆಯುವ ಪದವನ್ನು ಸರಿಪಡಿಸಿಕೊಂಡರೆ ಸಾಕು, ಕ್ರಿಯಾಪದ ನಿಧಾನವಾಗಿ ಹಿಂದೆಯೇ ಬರುತ್ತದೆ. ತಾನು ಹುಡುಗನೂ ಅಲ್ಲ ಹುಡುಗಿಯೂ ಅಲ್ಲ ಎನ್ನುವ ಮಕ್ಕಳ ವಿಷಯದಲ್ಲಿ ‘ಅವರು ಬಂದರು’ ಎಂಬ ಗೌರವದ ರೂಪ ನಮ್ಮಲ್ಲಿ ಸಿದ್ಧವಾಗಿಯೇ ಇದೆ. ಸ್ವಂತ ಮಗುವನ್ನು ‘ಅವರು’ ಎನ್ನುವುದು ಬಹಳ ದೂರದ ಮಾತೆನಿಸಿದರೆ, ಹೆಸರನ್ನೇ ಮತ್ತೆ ಹೇಳುವುದು, ‘ತಾನು’, ‘ತನ್ನ’ ಎಂಬ ಭೇದವಿಲ್ಲದ ಪದಗಳನ್ನು ಬಳಸುವುದು, ‘ಬಂದ ಮೇಲೆ’, ‘ಹೇಳಿದಾಗ’ ಎಂದು ವಾಕ್ಯವನ್ನು ತಿರುಗಿಸುವುದು, ಇವೆಲ್ಲ ಕನ್ನಡಕ್ಕೆ ಸಹಜ. ಆದರೆ ‘ಅದು ಬಂತು’ ಎಂಬುದು ಬೇಡವೇ ಬೇಡ. ಎಳೆಯ ಮಗುವಿಗೆ ಅದು ಮುದ್ದಿನ ಮಾತಾದರೂ ಬೆಳೆದ ಟ್ರಾನ್ಸ್‌ಜೆಂಡರ್ ಮಕ್ಕಳಿಗೆ ಬೀದಿಯಲ್ಲಿ ಎಸೆಯುವ ಬೈಗುಳ ಅದು.

ಉತ್ತರ 3: ಮಕ್ಕಳ ಮನೋವೈದ್ಯ

ಎರಡನೆಯ ಉತ್ತರದಲ್ಲಿ ‘ದೋಷ’ ಎಂಬ ಪದವನ್ನು ತೆಗೆಯಲು ಹೇಳಿರುವುದಕ್ಕೆ ವೈದ್ಯಕೀಯ ಆಧಾರವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿಯು 2019ರಲ್ಲಿ ಅಂಗೀಕೃತವಾಗಿ 2022ರ ಜನವರಿ 1ರಿಂದ ಜಾರಿಗೆ ಬಂತು. ಹುಟ್ಟಿದಾಗ ಬರೆಸಿದ ಲಿಂಗಕ್ಕೂ ಒಬ್ಬರ ಸ್ವಂತ ಅರಿವಿಗೂ ಹೊಂದದಿರುವ ಈ ಸ್ಥಿತಿಯನ್ನು ಅದು ಮಾನಸಿಕ ಅಸ್ವಸ್ಥತೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿತು. ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯ 2013ರ ಆವೃತ್ತಿಯಲ್ಲೇ ‘ಅಸ್ವಸ್ಥತೆ’ ಎಂಬ ಹೆಸರನ್ನು ಬಿಟ್ಟು ‘ಜೆಂಡರ್ ಡಿಸ್ಫೋರಿಯಾ’ ಎಂಬುದನ್ನು ತಂದಿತ್ತು. ಅಲ್ಲಿ ಹೆಸರಿಸಿರುವುದು ದೇಹಕ್ಕೂ ತನ್ನ ಅರಿವಿಗೂ ಹೊಂದಿಕೆಯಾಗದೆ ಮಗು ಅನುಭವಿಸುವ ಸಂಕಟವನ್ನು, ಮಗುವನ್ನಲ್ಲ.

ವೈದ್ಯಕೀಯ ಅಧ್ಯಾಯವನ್ನು ಬರೆಯುವಾಗ ಒಂದು ವಾಕ್ಯವನ್ನು ಮೊದಲಿಗೇ ಇಡಿ: ಪ್ರೌಢಾವಸ್ಥೆ ಆರಂಭವಾಗುವ ಮೊದಲು ಯಾವ ಔಷಧಿಯ ಪ್ರಶ್ನೆಯೂ ಇಲ್ಲ. ಹೆಸರು, ಉಡುಪು, ಕೇಶವಿನ್ಯಾಸ, ಕರೆಯುವ ರೀತಿ, ಇವುಗಳಲ್ಲಿ ಯಾವುದೂ ಚಿಕಿತ್ಸೆಯಲ್ಲ, ಯಾವುದಕ್ಕೂ ವೈದ್ಯರ ಚೀಟಿ ಬೇಕಿಲ್ಲ. ನನ್ನ ಬಳಿ ಬರುವ ತಂದೆತಾಯಿಗಳಲ್ಲಿ ಬಹುತೇಕರು ಹೆದರಿರುವುದು ಶಸ್ತ್ರಚಿಕಿತ್ಸೆಗೆ. ಆರು ವರ್ಷದ ಮಗುವಿನ ವಿಷಯದಲ್ಲೂ ಅದೇ ಭಯ.

ಪ್ರೌಢಾವಸ್ಥೆ ಆರಂಭವಾದ ನಂತರದ ಚಿಕಿತ್ಸೆಗಳ ವಿಷಯದಲ್ಲಿ ನಿಮ್ಮ ಆತಂಕ ಸರಿಯಾದದ್ದು, ಅಲ್ಲಿ ಭಿನ್ನಾಭಿಪ್ರಾಯವಿದೆ. ಪ್ರೌಢಾವಸ್ಥೆಯನ್ನು ತಡೆಹಿಡಿಯುವ ಔಷಧಿಗಳನ್ನು ಅಕಾಲದಲ್ಲಿ ಪ್ರೌಢಾವಸ್ಥೆಗೆ ಬರುವ ಚಿಕ್ಕ ಮಕ್ಕಳಿಗೆ 1980ರ ದಶಕದಿಂದ ಕೊಡಲಾಗುತ್ತಿದೆ. ಟ್ರಾನ್ಸ್‌ಜೆಂಡರ್ ಹದಿಹರೆಯದವರಿಗೆ ಅವುಗಳನ್ನು ಬಳಸುವ ಪದ್ಧತಿಯನ್ನು 1990ರ ದಶಕದಲ್ಲಿ ರೂಪಿಸಿದವರು ನೆದರ್‌ಲ್ಯಾಂಡ್ಸ್‌ನ ವೈದ್ಯರು. ಈ ಕ್ಷೇತ್ರದ ಅಂತರರಾಷ್ಟ್ರೀಯ ವೈದ್ಯ ಸಂಘಟನೆಯಾದ ಡಬ್ಲ್ಯುಪಾತ್ 2022ರ ತನ್ನ 8ನೆಯ ಮಾರ್ಗಸೂಚಿಯಲ್ಲಿ, ಎಚ್ಚರಿಕೆಯ ಮೌಲ್ಯಮಾಪನದ ನಂತರ ಇಂಥ ಚಿಕಿತ್ಸೆಯನ್ನು ಬೆಂಬಲಿಸುತ್ತದೆ. ಇಂಗ್ಲೆಂಡಿನಲ್ಲಿ ವೈದ್ಯೆ ಹಿಲರಿ ಕ್ಯಾಸ್ ಅವರ ನೇತೃತ್ವದಲ್ಲಿ ನಡೆದು 2024ರ ಏಪ್ರಿಲ್‌ನಲ್ಲಿ ಮುಗಿದ ಪರಿಶೀಲನೆಯು ಪ್ರಯೋಜನದ ಸಾಕ್ಷ್ಯ ದುರ್ಬಲವಾಗಿದೆ ಎಂದಿತು, ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯು ಪ್ರೌಢಾವಸ್ಥೆಯನ್ನು ತಡೆಹಿಡಿಯುವ ಈ ಔಷಧಿಗಳನ್ನು ವಾಡಿಕೆಯಂತೆ ಕೊಡುವುದನ್ನು ಅದೇ ವರ್ಷ ನಿಲ್ಲಿಸಿತು. ಫಿನ್‌ಲ್ಯಾಂಡ್ ಮತ್ತು ಸ್ವೀಡನ್ ದೇಶಗಳೂ ನಿಯಮಗಳನ್ನು ಬಿಗಿಗೊಳಿಸಿವೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ತನ್ನ 2018ರ ಬೆಂಬಲದ ನೀತಿಯನ್ನು 2023ರಲ್ಲಿ ಮತ್ತೆ ದೃಢಪಡಿಸುತ್ತಲೇ ಸಾಕ್ಷ್ಯಗಳ ಹೊಸ ಪರಿಶೀಲನೆಗೂ ಒಪ್ಪಿತು. ಈ ಎಲ್ಲವನ್ನೂ ಒಂದು ಪುಟದಲ್ಲಿ, ಯಾವ ಪಕ್ಷದ ವಕಾಲತ್ತನ್ನೂ ವಹಿಸದೆ ಬರೆಯಬಹುದು. ಓದುವವರು ನಮಗಿಂತ ದಡ್ಡರೇನಲ್ಲ. ಮುಚ್ಚಿಟ್ಟದ್ದು ಮುಂದೆ ಬೇರೆಲ್ಲೋ ಕಣ್ಣಿಗೆ ಬಿದ್ದರೆ ಅವರು ಕೈಪಿಡಿಯ ಉಳಿದ ಮಾತುಗಳನ್ನೂ ನಂಬುವುದಿಲ್ಲ. ಆ ಪುಟದ ಕೆಳಗೆ ಬರೆದ ತಿಂಗಳು, ವರ್ಷವನ್ನು ಮುದ್ರಿಸಿ, ಕಾನೂನು ಆಯಾ ದೇಶದಲ್ಲಿ ಬೇರೆ ಬೇರೆ ಎಂಬುದನ್ನೂ ಹೇಳಿ.

ಯಾವುದನ್ನು ಹಿಂದಕ್ಕೆ ತರಬಹುದು, ಯಾವುದನ್ನು ತರಲಾಗದು ಎಂಬುದು ಮಾತ್ರ ಖಚಿತವಾಗಿರಲಿ. ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟೆರೋನ್‌ನಿಂದ ಒಡೆದ ಧ್ವನಿ ಔಷಧಿ ನಿಲ್ಲಿಸಿದರೂ ಮೊದಲಿನಂತಾಗುವುದಿಲ್ಲ, ಹೆಂಗಸರ ಹಾರ್ಮೋನ್ ಆದ ಈಸ್ಟ್ರೋಜನ್‌ನಿಂದ ಬೆಳೆದ ಸ್ತನ ಶಸ್ತ್ರಚಿಕಿತ್ಸೆಯಿಲ್ಲದೆ ಹೋಗುವುದಿಲ್ಲ. ಮೂಳೆಯ ಸಾಂದ್ರತೆ ಮತ್ತು ಮುಂದೆ ಮಕ್ಕಳಾಗುವ ಸಾಧ್ಯತೆಯ ಬಗ್ಗೆ ಚಿಕಿತ್ಸೆಗೆ ಮೊದಲೇ ಮಾತುಕತೆ ನಡೆಯಬೇಕು. ಮನೆಯಲ್ಲಿ ಮಾತಿನ ಬಾಗಿಲು ಮುಚ್ಚಿದ್ದರೆ ಕೆಲವು ಮಕ್ಕಳು ಹಾರ್ಮೋನ್ ಮಾತ್ರೆಗಳನ್ನು ಯಾರಿಗೂ ತಿಳಿಯದಂತೆ ತರಿಸಿಕೊಂಡು, ರಕ್ತಪರೀಕ್ಷೆಯಿಲ್ಲದೆ ನುಂಗುತ್ತಾರೆ. ವೈದ್ಯನಾಗಿ ನಾನು ಹೆಚ್ಚು ಹೆದರುವುದು ಇದಕ್ಕೆ. ಮಗುವಿನ ಗುರುತನ್ನು ‘ಸರಿಪಡಿಸುತ್ತೇವೆ’ ಎನ್ನುವವರ ಬಳಿಗೆ ಕರೆದೊಯ್ಯಬೇಡಿ ಎಂಬುದನ್ನು ಯಾವ ಮುಲಾಜೂ ಇಲ್ಲದೆ ಬರೆಯಿರಿ. ಅದರಿಂದ ಹಾನಿಯಾಗುತ್ತದೆ.

“ಇದು ಹಾಗೇ ಹೋಗಿಬಿಡುತ್ತದೆಯೇ?” ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಸ್ವಲ್ಪ ಉದ್ದ. ಕ್ರಿಸ್ಟಿನಾ ಓಲ್ಸನ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕ್ಕ ವಯಸ್ಸಿನಲ್ಲೇ ಹೊಸ ಹೆಸರು ಮತ್ತು ಗುರುತಿನಿಂದ ಬದುಕತೊಡಗಿದ 317 ಮಕ್ಕಳಲ್ಲಿ ಸರಾಸರಿ ಐದು ವರ್ಷಗಳ ನಂತರ ಶೇ. 94ರಷ್ಟು ಮಕ್ಕಳು ಅದೇ ಗುರುತಿನಲ್ಲಿದ್ದರು. ಇವು ಮನೆಯವರ ಬೆಂಬಲವಿದ್ದ ಮಕ್ಕಳು. ಹಳೆಯ ಕೆಲವು ಅಧ್ಯಯನಗಳಲ್ಲಿ, ಬಾಲ್ಯದಲ್ಲಿ ವೈದ್ಯರ ಬಳಿಗೆ ಬಂದವರಲ್ಲಿ ಹೆಚ್ಚಿನವರು ಮುಂದೆ ಟ್ರಾನ್ಸ್‌ಜೆಂಡರ್ ಎಂದು ಹೇಳಿಕೊಳ್ಳಲಿಲ್ಲ, ಆದರೆ ಆ ಗುಂಪಿನಲ್ಲಿ ಹುಡುಗಿಯರಂತೆ ಆಡುತ್ತಿದ್ದ, ತಾನು ಹುಡುಗಿ ಎಂದು ಎಂದೂ ಹೇಳದಿದ್ದ ಹುಡುಗರೂ ಸೇರಿದ್ದರೆಂಬ ಆಕ್ಷೇಪವಿದೆ. ನಿಮ್ಮ ಮಗುವಿನ ವಿಷಯದಲ್ಲಿ ಇಂದೇ ಭವಿಷ್ಯ ಹೇಳಲು ಯಾರಿಗೂ ಆಗದು, ಇಂದು ಅದರ ಮಾತನ್ನು ಕೇಳಿಸಿಕೊಳ್ಳಲು ಭವಿಷ್ಯ ತಿಳಿದಿರಬೇಕೆಂದೂ ಇಲ್ಲ.

ಆತ್ಮಹತ್ಯೆಯ ಅಂಕಿಅಂಶಗಳ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಅವುಗಳನ್ನು ಬೆದರಿಕೆಯಾಗಿ ಬಳಸಬಾರದು. “ಒಪ್ಪದಿದ್ದರೆ ಮಗುವನ್ನು ಕಳೆದುಕೊಳ್ಳುತ್ತೀರಿ” ಎಂಬ ಧಾಟಿ ತಂದೆತಾಯಿಯನ್ನು ಗಾಬರಿಗೊಳಿಸುತ್ತದೆ, ಮಗು ಅದನ್ನು ಓದಿದರೆ ಸಾವು ತನ್ನ ಪಾಲಿಗೆ ಬರೆದಿಟ್ಟದ್ದೆಂದು ನಂಬುವ ಅಪಾಯವಿದೆ. ಅಂಕಿಗಳನ್ನು ತಪ್ಪಾಗಿ ಬಳಸುವುದೂ ನಡೆಯುತ್ತದೆ. ಮನೆಯವರಿಂದ ತೀವ್ರ ತಿರಸ್ಕಾರ ಅನುಭವಿಸಿದವರು ಆತ್ಮಹತ್ಯೆಗೆ ಯತ್ನಿಸಿದ ಪ್ರಮಾಣ 8.4 ಪಟ್ಟು ಹೆಚ್ಚು ಎಂಬ ಪ್ರಸಿದ್ಧ ಸಂಖ್ಯೆ ಕೇಟ್ಲಿನ್ ರಯಾನ್ ಮತ್ತು ಸಂಗಡಿಗರ 2009ರ ಅಧ್ಯಯನದ್ದು. ಅದರಲ್ಲಿದ್ದವರು ಅಮೆರಿಕದ 224 ಸಲಿಂಗಕಾಮಿ ಮತ್ತು ದ್ವಿಲಿಂಗಕಾಮಿ ಯುವಜನರು. ಆ ಸಂಖ್ಯೆಯನ್ನು ಟ್ರಾನ್ಸ್‌ಜೆಂಡರ್ ಮಕ್ಕಳದೆಂದು ಬರೆಯುವುದು ತಪ್ಪು. ಅದೇ ತಂಡ ಮಾಡಿದ ಇನ್ನೊಂದು ಕೆಲಸ ನಿಮಗೆ ಹೆಚ್ಚು ಉಪಯುಕ್ತ: ಮನೆಯವರ ಯಾವ ಯಾವ ನಡವಳಿಕೆ ಮಗುವಿಗೆ ತಿರಸ್ಕಾರವಾಗಿ ಕಾಣುತ್ತದೆ, ಯಾವುದು ಆಸರೆಯಾಗುತ್ತದೆ ಎಂದು ಅವರು ನೂರಕ್ಕೂ ಹೆಚ್ಚು ನಡವಳಿಕೆಗಳನ್ನು ಗುರುತಿಸಿದರು. ಅಪಾಯದ ಲಕ್ಷಣಗಳು ಕಂಡಾಗ, ಅಂದರೆ ಊಟ ನಿದ್ದೆ ಬಿಟ್ಟಾಗ, ಪ್ರಿಯವಾದ ವಸ್ತುಗಳನ್ನು ಹಂಚತೊಡಗಿದಾಗ, ತಾನು ಇರಬಾರದಿತ್ತು ಎಂಬ ಮಾತು ಬಂದಾಗ, ಮಗುವನ್ನು ಒಂಟಿಯಾಗಿ ಬಿಡದೆ ನೇರವಾಗಿ ಕೇಳಬೇಕು. ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬುದು ತಪ್ಪು ನಂಬಿಕೆ. ಸಹಾಯವಾಣಿಯ ಸಂಖ್ಯೆ ಮೊದಲ ಪುಟದಲ್ಲೂ ಕೊನೆಯ ಪುಟದಲ್ಲೂ ಇರಲಿ, ಮುದ್ರಣಕ್ಕೆ ಹೋಗುವ ದಿನ ನೀವೇ ಕರೆ ಮಾಡಿ ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಿ.

ಉತ್ತರ 4: 22 ವರ್ಷದ ಟ್ರಾನ್ಸ್ ಯುವಕ

ಮೇಲಿನ ಮೂವರೂ ಹೇಳಿದ್ದನ್ನು ಓದಿದೆ. ನನ್ನ ಮನೆಯಲ್ಲಿ ಇಂಥ ಕೈಪಿಡಿ ಇದ್ದಿದ್ದರೆ ಅದನ್ನು ಮೊದಲು ಓದುತ್ತಿದ್ದವನು ನಾನು, ಅಪ್ಪ ಅಮ್ಮ ಅಲ್ಲ. ಅವರ ಕೈಗೆ ಕೊಡುವ ಮೊದಲು ಪ್ರತಿ ಸಾಲನ್ನೂ ಓದಿ, ಇದರಿಂದ ನನಗೆ ಒಳ್ಳೆಯದಾದೀತೇ ಕೆಟ್ಟದಾದೀತೇ ಎಂದು ಅಳೆಯುತ್ತಿದ್ದೆ. ಮೇಜಿನ ಮೇಲೆ ಕೈಪಿಡಿಯನ್ನು ಬಿಟ್ಟು ಹೋಗುವವರು ಎಷ್ಟೋ ಸಲ ಮಕ್ಕಳೇ ಆಗಿರುತ್ತಾರೆಂಬುದನ್ನು ದಯವಿಟ್ಟು ನೆನಪಿನಲ್ಲಿಡಿ. ಆ ಕಾರಣಕ್ಕೇ ಮುಖಪುಟದ ಮೇಲೆ ದೊಡ್ಡ ಅಕ್ಷರದಲ್ಲಿ ‘ಟ್ರಾನ್ಸ್‌ಜೆಂಡರ್’ ಎಂದು ಅಚ್ಚು ಮಾಡಬೇಡಿ. ಚೀಲದಲ್ಲಿ ಇಟ್ಟುಕೊಂಡು ಓಡಾಡುವ ಮಗು ಸಿಕ್ಕಿಬೀಳುತ್ತದೆ.

ಹೆಸರಿನ ವಿಷಯಕ್ಕೆ ಒಂದು ಇಡೀ ಪುಟವನ್ನು ಕೊಡಿ. ಸ್ಟೀಫನ್ ರಸೆಲ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ, 129 ಯುವಜನರ ಅಧ್ಯಯನದಲ್ಲಿ ಮನೆ, ಶಾಲೆ, ಕೆಲಸ, ಗೆಳೆಯರ ಬಳಗ ಎಂಬ ಕಡೆಗಳಲ್ಲಿ ತಾವು ಆರಿಸಿಕೊಂಡ ಹೆಸರನ್ನು ಇನ್ನೊಂದು ಕಡೆ ಹೆಚ್ಚಾಗಿ ಬಳಸಲು ಸಾಧ್ಯವಾದಂತೆಲ್ಲ ಆತ್ಮಹತ್ಯೆಯ ಯೋಚನೆ ಶೇ. 29ರಷ್ಟು ಕಡಿಮೆಯಿತ್ತು. ಸಣ್ಣ ಅಧ್ಯಯನ, ನಿಜ, ಕಾರಣವನ್ನು ಅದು ಸಾಬೀತು ಮಾಡಿಲ್ಲವೆಂದು ಡಾಕ್ಟರು ಹೇಳಿಯಾರು. ಆದರೆ ನನ್ನ ಅನುಭವವೂ ಅದನ್ನೇ ಹೇಳುತ್ತದೆ. ಅಮ್ಮ ಮೊದಲ ಸಲ ಹೊಸ ಹೆಸರಿನಿಂದ ಕರೆದಾಗ ನಾನು ಸ್ನಾನದ ಮನೆಯಲ್ಲಿದ್ದೆ, ನಲ್ಲಿ ನಿಲ್ಲಿಸಿ, ಇನ್ನೊಮ್ಮೆ ಕರೆಯಲೆಂದು ಉತ್ತರ ಕೊಡದೆ ನಿಂತಿದ್ದೆ. ಅವರು ಆಮೇಲೂ ನೂರು ಸಲ ತಪ್ಪಿದರು. ತಪ್ಪಿದಾಗ ಹತ್ತು ನಿಮಿಷ ಕ್ಷಮೆ ಕೇಳುವುದಕ್ಕಿಂತ, ಸರಿಯಾದ ಹೆಸರನ್ನು ಹೇಳಿ ಮಾತು ಮುಂದುವರಿಸುವುದು ನನಗೆ ಹಿತವಾಗಿತ್ತು.

ದೇಹದ ಬಗ್ಗೆ ಒಂದು ಪ್ರಾಯೋಗಿಕ ಮಾತನ್ನು ಸೇರಿಸಿ, ಇದನ್ನು ಕೇಳಲು ಮಕ್ಕಳು ನಾಚುತ್ತಾರೆ, ಹೇಳಲು ದೊಡ್ಡವರು ನಾಚುತ್ತಾರೆ. ಎದೆ ಚಪ್ಪಟೆಯಾಗಿ ಕಾಣಲೆಂದು ಅದನ್ನು ಬಿಗಿಯಲು ನನ್ನಂಥ ಟ್ರಾನ್ಸ್ ಹುಡುಗರು ಗಾಯಕ್ಕೆ ಸುತ್ತುವ ಎಲಾಸ್ಟಿಕ್ ಬ್ಯಾಂಡೇಜನ್ನು ಬಳಸುತ್ತಾರೆ. ನಾನೂ ಬಳಸಿದ್ದೆ, ಉಸಿರು ಕಟ್ಟುತ್ತಿತ್ತು, ಪಕ್ಕೆಲುಬು ನೋಯುತ್ತಿತ್ತು. ಅದು ಅಪಾಯಕರ. ಅದಕ್ಕೆಂದೇ ಹೊಲಿದ, ಅಳತೆಗೆ ಸರಿಯಾದ ಉಡುಪನ್ನೂ ದಿನಕ್ಕೆ ಸುಮಾರು ಎಂಟು ಗಂಟೆಗಿಂತ ಹೆಚ್ಚು ಹೊತ್ತು ತೊಡಬಾರದು, ತೊಟ್ಟು ಮಲಗಬಾರದು ಎಂಬುದೇ ಸಾಮಾನ್ಯ ಸಲಹೆ. ಇಷ್ಟನ್ನು ಅಮ್ಮ ತಿಳಿದಿದ್ದರೆ ನಾನು ಒಂದು ವರ್ಷ ನೋವು ತಿನ್ನುತ್ತಿರಲಿಲ್ಲ.

ಕೊನೆಯದಾಗಿ, ನಿಮ್ಮ ಕರಡನ್ನು ನಮ್ಮಂಥವರಿಗೆ ಮುಗಿದ ಮೇಲೆ ತೋರಿಸಿ ಒಪ್ಪಿಗೆ ಪಡೆಯಬೇಡಿ. ಬರೆಯುವಾಗಲೇ ಪಕ್ಕದಲ್ಲಿ ಕೂರಿಸಿಕೊಳ್ಳಿ, ಒಬ್ಬರನ್ನಲ್ಲ, ನಾಲ್ಕೈದು ಜನರನ್ನು. ನನ್ನ ಕಥೆ ಎಲ್ಲರ ಕಥೆಯಲ್ಲ. ಮೂರು ವರ್ಷದ ಮಗುವಾಗಿದ್ದಾಗಿನಿಂದಲೇ ನನಗೆ ತಿಳಿದಿತ್ತು ಎಂದು ಹೇಳಲಾರೆ, ನನಗೆ ಸ್ಪಷ್ಟವಾದದ್ದು ಹದಿನಾರಕ್ಕೆ. ಎಲ್ಲ ಕೈಪಿಡಿಗಳಲ್ಲೂ ಬರುವ, ಚಿಕ್ಕಂದಿನಿಂದಲೇ ಎಲ್ಲವೂ ಗೊತ್ತಿದ್ದ ಮಗುವಿನ ಕಥೆಯನ್ನು ಓದಿ, ನಾನು ನಿಜವಾದವನಲ್ಲವೇನೋ ಎಂದು ಬಹಳ ಕಾಲ ಕೊರಗಿದ್ದೇನೆ. ಮುಂದೆ ಮನಸ್ಸು ಬದಲಾಯಿಸಿದ ಒಬ್ಬರ ಮಾತಿಗೂ ಜಾಗ ಕೊಡಿ. ಮನಸ್ಸು ಬದಲಾದರೂ ಮನೆಯಲ್ಲಿ ತನಗೆ ಸ್ಥಾನವಿದೆ ಎಂದು ಗೊತ್ತಿದ್ದ ಮಗು ಯಾವ ಹೆಜ್ಜೆಯನ್ನೂ ಹಟಕ್ಕೆ ಬಿದ್ದು ಇಡುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಮೂವರೂ ಕುಳಿತು ಪದಕೋಶವನ್ನು ಕೊನೆಯ ಪುಟಕ್ಕೆ ಒಯ್ದು ಎಂಟು ಪದಗಳಿಗೆ ಇಳಿಸಿದೆವು. ‘ಒಪ್ಪಿಕೊಂಡ’ ಎಂಬ ಕ್ರಿಯಾಪದ ಹದಿಮೂರು ಕಡೆ ಸಿಕ್ಕಿತು. 8.4ರ ಸಂಖ್ಯೆಯೂ ನಮ್ಮ ಕರಡಿನಲ್ಲಿ ಟ್ರಾನ್ಸ್‌ಜೆಂಡರ್ ಮಕ್ಕಳ ಹೆಸರಿನಲ್ಲೇ ಇತ್ತು, ತೆಗೆದಿದ್ದೇವೆ. ನಾಲ್ವರು ಯುವಜನರು ಮತ್ತು ಮೂವರು ತಂದೆತಾಯಿಗಳು ಮುಂದಿನ ಕರಡನ್ನು ನಮ್ಮ ಜೊತೆ ಕುಳಿತೇ ಬರೆಯಲು ಒಪ್ಪಿದ್ದಾರೆ, ಅವರ ಸಮಯಕ್ಕೆ ಸಂಭಾವನೆಯನ್ನೂ ಇಟ್ಟಿದ್ದೇವೆ. ಮುಖಪುಟದ ಮೇಲೆ ಇನ್ನು ‘ಮನೆಮಂದಿಗೆ’ ಎಂದಷ್ಟೇ ಇರುತ್ತದೆ.

ಉಳಿದಿರುವ ಒಂದು ತೊಡಕು ಅಜ್ಜ ಅಜ್ಜಿಯರದು, ಒಡಹುಟ್ಟಿದವರದು. ಅವರಿಗೆ ಪ್ರತ್ಯೇಕ ಪುಸ್ತಿಕೆ ಬೇಕೇ?

ಉತ್ತರ 1 ಬರೆದ ತಾಯಿಯಿಂದ

ಒಡಹುಟ್ಟಿದವರಿಗೆ ಖಂಡಿತ ಎರಡು ಪುಟ ಬೇಕು. ನನ್ನ ಕಿರಿಯ ಮಗನಿಗೆ ಆಗ ಹತ್ತು ವರ್ಷ. ಮನೆಯಲ್ಲಿ ಎಲ್ಲರೂ ಪಿಸುಮಾತಾಡುತ್ತಿದ್ದುದನ್ನು ನೋಡಿ ಅಣ್ಣನಿಗೆ ಏನೋ ದೊಡ್ಡ ಕಾಯಿಲೆ ಬಂದಿದೆ ಎಂದು ಅವನು ತಿಳಿದಿದ್ದ, ತಿಂಗಳುಗಟ್ಟಲೆ ಹೆದರಿದ್ದ. ಶಾಲೆಯಲ್ಲಿ ಯಾರಾದರೂ ಕೇಳಿದರೆ ಏನು ಹೇಳಬೇಕೆಂಬುದು ಅವನ ನಿಜವಾದ ಚಿಂತೆಯಾಗಿತ್ತು. “ಅದು ನಮ್ಮ ಮನೆಯ ವಿಷಯ, ಅಕ್ಕನನ್ನೇ ಕೇಳು” ಎಂದು ಹೇಳಬಹುದೆಂದು ಅವಳೇ ಅವನಿಗೆ ಕಲಿಸಿಕೊಟ್ಟಳು.

ಅಜ್ಜ ಅಜ್ಜಿಯರಿಗೆ ಪುಸ್ತಿಕೆಗಿಂತ ಧ್ವನಿಯಲ್ಲಿ ಓದಿದ್ದು ಒಳ್ಳೆಯದು, ಐದಾರು ನಿಮಿಷದ್ದು, ಸಾಧ್ಯವಾದರೆ ಅವರ ವಯಸ್ಸಿನವರೇ ಓದಿದ್ದು. ನನ್ನ ಅತ್ತೆಗೆ ಕಣ್ಣು ಮಂಜು, ಚಿಕ್ಕ ಅಕ್ಷರ ಕಾಣದು. ಅವರಿಗೆ ನಾವು ಎಷ್ಟು ವಿವರಿಸಿದರೂ ತಲೆಗೆ ಹೋಗಲಿಲ್ಲ. ಕೊನೆಗೆ ನನ್ನ ಮಗಳೇ ಅವರ ಪಕ್ಕದಲ್ಲಿ ಕುಳಿತು, “ಅಜ್ಜೀ, ನನ್ನನ್ನು ಈ ಹೆಸರಿನಿಂದ ಕರೆಯುತ್ತೀಯಾ?” ಎಂದು ಕೇಳಿದಳು. ಅವರು ಯಾಕೆ ಎಂದು ಕೇಳಲಿಲ್ಲ. ಆ ಹೆಸರನ್ನು ಎರಡು ಸಲ ಬಾಯಲ್ಲಿ ಹೇಳಿ ನೋಡಿ, ಇದಕ್ಕಿಂತ ಚಿಕ್ಕದಾಗಿ ಕರೆಯಬಹುದೇ ಎಂದು ಕೇಳಿದರು. ಈಗ ಅವಳನ್ನು ಆ ಚಿಕ್ಕ ಹೆಸರಿನಿಂದ ಕರೆಯುವವರು ಅವರೊಬ್ಬರೇ.